ಗಿರಿಗೆ ಬೀಳುವ ಬೆಂಕಿ, ಸೋಲಿಗರು ಇಡುವ ಬೆಂಕಿ

ಶಿವರಾತ್ರಿ ಹತ್ತಿರವಾದಂತೆ ಚಿಕ್ಕಮಗಳೂರಿನ ಜನ ರಾತ್ರಿ ಊಟ ಮುಗಿಸಿ ಹೊರಗೆ ಬಂದಾಗ ಗಿರಿಯ ಕಡೆಗೊಮ್ಮೆ ಕಣ್ಣು ಹಾಯಿಸುತ್ತಾರೆ. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಸಾಲಿನ ಇಳಿಜಾರಿನಲ್ಲಿ ಕೆಂಪು ಗೆರೆಯೊಂದು ಹರಿಯುತ್ತಿದ್ದರೆ ಹುಲ್ಲಿಗೆ ಬೆಂಕಿ ಬಿದ್ದಿದೆ ಎಂದೇ ಲೆಕ್ಕ. ಬೆಳಗಾಗುವಷ್ಟರಲ್ಲಿ ವಿಡಿಯೊಗಳು ಮೊಬೈಲಿನಿಂದ ಮೊಬೈಲಿಗೆ ಹಾರಿರುತ್ತವೆ. ಈಚೆಗೆ ಅವುಗಳ ಬೆನ್ನಿಗೆ ಒಂದು ವಾದವೂ ಹರಿದಾಡುತ್ತಿದೆ: ಆಸ್ಟ್ರೇಲಿಯಾದಲ್ಲಿ ಮೂಲನಿವಾಸಿಗಳೇ ಕಾಡಿಗೆ ಬೆಂಕಿ ಇಡುತ್ತಾರಂತೆ, ಅದಕ್ಕೆ ಸರ್ಕಾರವೇ ದುಡ್ಡು ಕೊಡುತ್ತದಂತೆ, ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರೂ ಹಿಂದೆ ಹಾಗೆಯೇ ಮಾಡುತ್ತಿದ್ದರಂತೆ, ಹಾಗಿದ್ದ ಮೇಲೆ ಇಲ್ಲಿ ಹಚ್ಚಿದವರ ಮೇಲೆ ಮಾತ್ರ ಕೇಸು ಏಕೆ?

ಈ ವಾದದಲ್ಲಿ ಸುಳ್ಳಿಗಿಂತ ಅರ್ಧ ಸತ್ಯಗಳೇ ಹೆಚ್ಚು. ಸೋಲಿಗರು ಬೆಂಕಿ ಇಡುತ್ತಿದ್ದದ್ದು ನಿಜ. ಆಸ್ಟ್ರೇಲಿಯಾದ ಮಾತೂ ಬಹುಪಾಲು ನಿಜ. ಆದರೆ ಅವರು ಇಡುವ ಬೆಂಕಿಗೂ ಮಾರ್ಚ್ ತಿಂಗಳಲ್ಲಿ ಗಿರಿಯನ್ನು ಸುಡುವ ಬೆಂಕಿಗೂ ಹೆಸರೊಂದನ್ನು ಬಿಟ್ಟರೆ ಹೋಲಿಕೆ ಕಡಿಮೆ. ಯಾಕೆ ಎಂಬುದು ತಿಳಿಯಬೇಕಾದರೆ ಬೆಂಕಿಯ ಸ್ವಭಾವದಿಂದಲೇ ಆರಂಭಿಸಬೇಕು.

ಬೆಂಕಿಯ ಬಲ ಎಲ್ಲಿಂದ ಬರುತ್ತದೆ

ಉರಿಯಲು ಉರುವಲು, ಗಾಳಿ, ಕಾವು ಮೂರೂ ಬೇಕು ಎಂಬುದು ಶಾಲೆಯ ಪಾಠ. ಬೆಟ್ಟದಲ್ಲಿ ಇನ್ನೂ ಎರಡು ಸಂಗತಿಗಳು ಸೇರುತ್ತವೆ: ತೇವ ಮತ್ತು ಇಳಿಜಾರು.

ಹುಲ್ಲಿನಲ್ಲಿ ತೇವ ಉಳಿದಿರುವಾಗ ಬೆಂಕಿಯ ಶಕ್ತಿಯಲ್ಲಿ ಒಂದು ಪಾಲು ಆ ನೀರನ್ನು ಆವಿ ಮಾಡುವುದರಲ್ಲೇ ಕಳೆದುಹೋಗುತ್ತದೆ. ಜ್ವಾಲೆ ಮೊಣಕಾಲಿನ ಎತ್ತರ ದಾಟುವುದಿಲ್ಲ, ಹಸಿ ಕಂಡಲ್ಲಿ ನಂದಿಹೋಗುತ್ತದೆ. ಡಿಸೆಂಬರ್, ಜನವರಿಯಲ್ಲಿ ಗಿರಿಯ ಹುಲ್ಲು ಮೇಲೆ ಹಳದಿಯಾಗಿದ್ದರೂ ಬುಡ ಹಸಿಯಾಗಿರುತ್ತದೆ, ರಾತ್ರಿಯ ಇಬ್ಬನಿ ಬಿಸಿಲೇರುವವರೆಗೂ ಆರುವುದಿಲ್ಲ. ಅದೇ ಹುಲ್ಲು ಮಾರ್ಚ್ ಹೊತ್ತಿಗೆ ಬುಡದವರೆಗೂ ಒಣಗಿರುತ್ತದೆ. ಮಧ್ಯಾಹ್ನದ ಗಾಳಿಯೂ ಸೇರಿದರೆ ಜ್ವಾಲೆ ಆಳೆತ್ತರ ಮೀರುತ್ತದೆ.

ಇಳಿಜಾರಿನ ಆಟ ಇನ್ನೂ ಕ್ರೂರ. ಮೇಲಕ್ಕೆ ಏರುವ ಬೆಂಕಿಯ ನಾಲಗೆ ಮುಂದಿನ ಹುಲ್ಲಿನ ಕಡೆಗೇ ಬಾಗಿರುತ್ತದೆ, ತಾನು ತಲುಪುವ ಮೊದಲೇ ಅದನ್ನು ಕಾಯಿಸಿ ಒಣಗಿಸುತ್ತದೆ. ಇಳಿಜಾರು 10 ಡಿಗ್ರಿ ಹೆಚ್ಚಿದಂತೆಲ್ಲ ಏರುವ ಬೆಂಕಿಯ ವೇಗ ಸುಮಾರು ದುಪ್ಪಟ್ಟಾಗುತ್ತದೆ ಎಂಬುದು ಕಾಡ್ಗಿಚ್ಚು ನಂದಿಸುವವರ ಸ್ಥೂಲ ಲೆಕ್ಕ. ಇಳಿಯುವ ಬೆಂಕಿ ನಿಧಾನ. ಆದ್ದರಿಂದ ಬೆಂಕಿಯನ್ನು ಬಲ್ಲವರು ಮೇಲಿನಿಂದ ಹಚ್ಚಿ, ಗಾಳಿಗೆ ಎದುರಾಗಿ ಕೆಳಕ್ಕೆ ಬರುವಂತೆ ಬಿಡುತ್ತಾರೆ. ರಸ್ತೆ ಬದಿಯಲ್ಲಿ ಬೀಡಿ ಎಸೆದು ಹೋಗುವವನು ಬುಡದಿಂದ ಹಚ್ಚುತ್ತಾನೆ. ಚಾರ್ಮಾಡಿ ಅಥವಾ ಬಿಸಿಲೆ ಘಾಟಿಯಂತಹ ಕಡಿದಾದ ಜಾಗದಲ್ಲಿ ಈ ವ್ಯತ್ಯಾಸದ ಬೆಲೆ ಬಹಳ ದೊಡ್ಡದು.

ಮಣ್ಣು ಕಾವನ್ನು ಸುಲಭವಾಗಿ ಒಳಕ್ಕೆ ಬಿಡುವುದಿಲ್ಲ. ವೇಗವಾಗಿ ಸರಿದುಹೋಗುವ ತೆಳು ಬೆಂಕಿ ಮೇಲಿನ ಒಂದೆರಡು ಸೆಂಟಿಮೀಟರ್ ಮಣ್ಣನ್ನಷ್ಟೇ ಬಿಸಿ ಮಾಡುತ್ತದೆ. ಕೆಳಗಿನ ಬೇರು, ಗೆಡ್ಡೆ, ಇರುವೆಗೂಡು ಉಳಿಯುತ್ತವೆ. ಬಿದ್ದ ಮರ, ದಪ್ಪ ಪೊದೆ ಗಂಟೆಗಟ್ಟಲೆ ಉರಿದ ಜಾಗದ ಕತೆ ಬೇರೆ. ಅಲ್ಲಿ ಮಣ್ಣಿನೊಳಗಿನ ಬೀಜವೂ ಬೇಯುತ್ತದೆ.

ಗಿರಿಯ ಹುಲ್ಲು ಬೋಳು ಗುಡ್ಡವಲ್ಲ

ಮುಳ್ಳಯ್ಯನಗಿರಿ, ಕೆಮ್ಮಣ್ಣುಗುಂಡಿ, ಬಲ್ಲಾಳರಾಯನ ದುರ್ಗ, ಕುದುರೆಮುಖದ ನೋಟ ಒಂದೇ ಬಗೆಯದು. ಬೆಟ್ಟದ ಮೈಮೇಲೆಲ್ಲ ಹುಲ್ಲು, ನೀರು ಹರಿಯುವ ಮಡಿಕೆಗಳಲ್ಲಿ ದಟ್ಟ ಹಸಿರಿನ ಶೋಲೆ ಕಾಡು. ಹುಲ್ಲಿನ ಭಾಗವನ್ನು ಕಂಡ ಬ್ರಿಟಿಷ್ ಅಧಿಕಾರಿಗಳು ಅದನ್ನು ಕಾಡು ಕಡಿದು ಹಾಳಾದ ನೆಲ ಎಂದೇ ಬಗೆದರು. ಪಶ್ಚಿಮ ಘಟ್ಟದ ಹಲವೆಡೆ ಅಂತಹ ಹುಲ್ಲುಗಾವಲುಗಳಲ್ಲಿ ನೀಲಗಿರಿ, ಅಕೇಶಿಯಾ ನೆಟ್ಟದ್ದರ ಹಿಂದೆ ಇದ್ದದ್ದು ಈ ನಂಬಿಕೆಯೇ. ಸ್ವಾತಂತ್ರ್ಯ ಬಂದ ಮೇಲೂ ಅದು ಬೇಗ ಬಿಟ್ಟುಹೋಗಲಿಲ್ಲ.

ನೀಲಗಿರಿ ಬೆಟ್ಟಗಳ ಜವುಗು ಮಣ್ಣಿನ ಪದರಗಳನ್ನು ವಿಜ್ಞಾನಿಗಳು ಪರೀಕ್ಷಿಸಿದಾಗ ಕಂಡದ್ದು ಬೇರೆಯೇ. ಸುಮಾರು 20 ಸಾವಿರ ವರ್ಷಗಳ ಹಿಂದೆ, ಹಿಮಯುಗದ ಶೀತ ಕಾಲದಲ್ಲೂ ಅಲ್ಲಿ ಹುಲ್ಲಿತ್ತು. ಹವೆ ತೇವಗೊಂಡಾಗ ಮರಗಳು ಹಬ್ಬಿ, ಒಣಗಿದಾಗ ಹುಲ್ಲು ಹಬ್ಬಿ, ಎರಡರ ಗಡಿ ಹಿಂದೆ ಮುಂದೆ ಸರಿಯುತ್ತಲೇ ಬಂದಿದೆ. ಹಿಮ, ಗಾಳಿ, ತೆಳು ಮಣ್ಣು, ಮೇಯುವ ಪ್ರಾಣಿ, ಬೆಂಕಿ ಎಲ್ಲಕ್ಕೂ ಅದರಲ್ಲಿ ಪಾಲಿದೆ.

ಹುಲ್ಲು ಬೆಂಕಿಯನ್ನು ತಾಳುತ್ತದೆ. ಅದರ ಜೀವ ತುದಿಯಲ್ಲಿಲ್ಲ, ನೆಲಕ್ಕೆ ಅಂಟಿದ ಬುಡದಲ್ಲಿದೆ. ಗುಡ್ಡದ ಕುಳ್ಳ ಈಚಲು ಕೂಡ ಕಪ್ಪಾದ ಕಾಂಡದಿಂದ ಮತ್ತೆ ಗರಿ ಬಿಡುತ್ತದೆ. ಶೋಲೆಯ ಮರಗಳಿಗೆ ಆ ಸೌಲಭ್ಯವಿಲ್ಲ. ಅನೇಕ ಮರಗಳ ತೊಗಟೆ ತೆಳ್ಳಗಿರುತ್ತದೆ, ಬುಡಕ್ಕೆ ಬೆಂಕಿ ತಾಗಿದರೆ ಒಳಗಿನ ಜೀವಕೋಶ ಬೆಂದುಹೋಗುತ್ತದೆ. ಶೋಲೆಯನ್ನು ಇಷ್ಟು ಕಾಲ ಕಾಪಾಡಿರುವುದು ಅದರ ತೇವ. ಹುಲ್ಲಿನ ಬೆಂಕಿ ಅಂಚಿಗೆ ಬಂದು ಸಾಮಾನ್ಯವಾಗಿ ಅಲ್ಲಿಯೇ ಸಾಯುತ್ತದೆ. ಆದರೆ ಕಡು ಬೇಸಿಗೆಯ ಬೆಂಕಿ ವರ್ಷವರ್ಷವೂ ಬಂದು ಅಂಚನ್ನು ನೆಕ್ಕಿದರೆ ಅಂಚಿನ ಎಳೆ ಗಿಡಗಳೆಲ್ಲ ಹೋಗಿ, ನೆರಳು ತೆಳುವಾಗಿ, ಒಳಗಿನ ತರಗೆಲೆಯೂ ಒಣಗುತ್ತದೆ. ಮುಂದಿನ ಬೇಸಿಗೆಯಲ್ಲಿ ಬೆಂಕಿ ಒಂದು ಹೆಜ್ಜೆ ಒಳಗೆ ಬರುತ್ತದೆ.

ಇದು ಗಿರಿಯ ಕೆಳಗಿನವರಿಗೂ ಸಂಬಂಧಿಸಿದ ಮಾತು. ಹೇಮಾವತಿ ಮೂಡಿಗೆರೆ ತಾಲ್ಲೂಕಿನ ಬೆಟ್ಟಗಳಲ್ಲಿ ಹುಟ್ಟುತ್ತದೆ, ಯಗಚಿ ಮತ್ತು ವೇದಾವತಿ ಬಾಬಾಬುಡನ್ ಸಾಲಿನಲ್ಲಿ. ಗೊರೂರಿನ ಜಲಾಶಯ, ಬೇಲೂರಿನ ಯಗಚಿ ಅಣೆಕಟ್ಟು, ಸಖರಾಯಪಟ್ಟಣದ ಅಯ್ಯನಕೆರೆ ತುಂಬುವುದು ಈ ಬೆಟ್ಟಗಳ ನೀರಿನಿಂದ. ಹೊದಿಕೆ ಕಳೆದುಕೊಂಡ ಇಳಿಜಾರಿನ ಮೇಲೆ ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಸುರಿದರೆ ಬೂದಿಯ ಜತೆಗೆ ಮೇಲ್ಮಣ್ಣೂ ಹಳ್ಳಕ್ಕೆ ಇಳಿಯುತ್ತದೆ.

ಸೋಲಿಗರ ತರಗು ಬೆಂಕಿ

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಕಾಡು ಗಿರಿಯಂತಲ್ಲ. ಅಲ್ಲಿಯೂ ಎತ್ತರದಲ್ಲಿ ಶೋಲೆ, ಹುಲ್ಲು ಇವೆ, ಆದರೆ ಹೆಚ್ಚಿನ ಭಾಗ ಬೇಸಿಗೆಯಲ್ಲಿ ಎಲೆ ಉದುರಿಸುವ ಮರಗಳದು. ಮರಗಳ ನಡುವೆ ಹುಲ್ಲು, ಅದರ ಮೇಲೆ ಉದುರಿದ ತರಗೆಲೆ. ಸೋಲಿಗರು ಜನವರಿಯ ಆಸುಪಾಸಿನಲ್ಲಿ ಇಡುತ್ತಿದ್ದ ಬೆಂಕಿಗೆ ಈ ತರಗೆಲೆಯಿಂದಲೇ ತರಗು ಬೆಂಕಿ ಎಂಬ ಹೆಸರು. ಕಡು ಬೇಸಿಗೆ ಬರುವ ಮೊದಲೇ, ತರಗು ಪೂರ್ತಿ ಒಣಗದಿರುವಾಗ, ಒಂದಿಷ್ಟು ಜಾಗ ಸುಟ್ಟು ಇನ್ನಷ್ಟು ಜಾಗ ಬಿಟ್ಟು ಸಾಗುವುದು ಅದರ ಕ್ರಮ.

ಇದರಿಂದ ಏನು ಲಾಭ ಎಂದು ಕೇಳಿದರೆ ಸೋಲಿಗ ಹಿರಿಯರು ಒಂದಲ್ಲ, ಹಲವು ಕಾರಣಗಳನ್ನು ಹೇಳುತ್ತಾರೆ. ಬೂದಿ ಬಿದ್ದಲ್ಲಿ ಎಳೆ ಹುಲ್ಲು ಚಿಗುರಿ ಕಡವೆ, ಜಿಂಕೆ, ಕಾಟಿಗಳಿಗೆ ಮೇವಾಗುತ್ತದೆ. ತರಗಿನಲ್ಲಿ ಅಡಗುವ ಉಣುಗು ಕಡಿಮೆಯಾಗುತ್ತದೆ. ದಾರಿ ಕಾಣುತ್ತದೆ, ಆನೆ ಎದುರಾದರೆ ದೂರದಿಂದಲೇ ತಿಳಿಯುತ್ತದೆ. ಮುಂದೆ ಬೇಸಿಗೆಯಲ್ಲಿ ಅಕಸ್ಮಾತ್ತಾಗಿ ಬೆಂಕಿ ಬಿದ್ದರೂ ಉರಿಯಲು ಹೆಚ್ಚೇನೂ ಉಳಿದಿರುವುದಿಲ್ಲ. ಇವುಗಳಲ್ಲಿ ನನ್ನ ಗಮನ ಸೆಳೆದದ್ದು ನೆಲ್ಲಿ ಮರದ ಸಂಗತಿ. ನೆಲ್ಲಿಕಾಯಿ ಸಂಗ್ರಹ ಅವರ ಆದಾಯದ ಮೂಲಗಳಲ್ಲಿ ಒಂದು. ಆ ಮರದ ಕೊಂಬೆಗೆ ಬದನಿಕೆ ಹತ್ತಿದರೆ, ಅದು ಮರದ ರಸ ಹೀರಿ ಕೊಂಬೆಯನ್ನು ಒಣಗಿಸುತ್ತದೆ. ಸೋಲಿಗರ ಭಾಷೆಯಲ್ಲಿ ಇದು ಉಪ್ಪಿಲು. ತರಗು ಬೆಂಕಿಯ ಹೊಗೆ ಮತ್ತು ಕಾವು ಉಪ್ಪಿಲನ್ನು ಹತೋಟಿಯಲ್ಲಿ ಇಡುತ್ತಿತ್ತು, ಬೆಂಕಿ ನಿಂತ ಮೇಲೆ ಅದು ಹೆಚ್ಚಿತು ಎನ್ನುತ್ತಾರೆ. ಕಾಡು ಸುಡುವುದು ಮತ್ತು ನೆಲ್ಲಿಕಾಯಿಯ ಇಳುವರಿ, ಈ ಎರಡರ ನಡುವೆ ನಂಟು ಇರಬಹುದು ಎಂದು ಹೊರಗಿನವರಿಗೆ ಹೊಳೆಯುವುದು ಕಷ್ಟ. ತಲೆಮಾರುಗಳ ಕಾಲ ಅದೇ ಮರಗಳ ಕೆಳಗೆ ನಡೆದಾಡಿದವರಿಗೆ ಮಾತ್ರ ಇಂತಹ ಪ್ರಶ್ನೆ ಹುಟ್ಟುತ್ತದೆ.

ಎಲ್ಲಿ ಇಡಬೇಕು, ಎಲ್ಲಿ ಇಡಬಾರದು ಎಂಬುದೂ ಅಷ್ಟೇ ಮುಖ್ಯ. ಸೋಲಿಗರ ಕುಲಗಳಿಗೆ ಕಾಡಿನಲ್ಲಿ ತಮ್ಮ ತಮ್ಮ ಎಲ್ಲೆಗಳಿವೆ. ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಪವಿತ್ರ ಸ್ಥಳಗಳಿವೆ. ಕಲ್ಲುಗುಡಿ ಹಿರಿಯರ ಸಮಾಧಿಯ ಜಾಗ, ಅಬ್ಬಿ ನೀರಿನ ಸೆಲೆ. ನೆಲದ ಮೇಲೆ ಹೀಗೊಂದು ಬರೆಯದ ನಕ್ಷೆ ಇರುವಾಗ ಬೆಂಕಿ ಕೂಡ ಅದನ್ನು ನೋಡಿಕೊಂಡೇ ನಡೆಯಬೇಕಾಗುತ್ತದೆ. ನೆಲವನ್ನು ನೋಡಿಕೊಳ್ಳುವ ಒಟ್ಟು ರೀತಿಯಲ್ಲಿ ಬೆಂಕಿ ಒಂದು ಅಂಗವಾದಾಗ ಅದನ್ನು ಸಾಂಸ್ಕೃತಿಕ ಬೆಂಕಿ ಎಂದು ಕರೆಯುತ್ತಾರೆ.

ಮಲೆನಾಡಿನವರು ಇದನ್ನು ಮರಗಸಿಗೆ ಹೋಲಿಸಿ ನೋಡಬಹುದು. ಕಾಫಿ ತೋಟದಲ್ಲಿ ಮಳೆಗಾಲಕ್ಕೆ ಮುಂಚೆ ನೆರಳಿನ ಮರದ ಕೊಂಬೆ ಸವರುವವನನ್ನು ಯಾರೂ ಮರಗಳ್ಳ ಎನ್ನುವುದಿಲ್ಲ. ಅದೇ ಮಚ್ಚನ್ನು ಹಿಡಿದು ಕಡು ಬೇಸಿಗೆಯಲ್ಲಿ ಗೊತ್ತುಗುರಿ ಇಲ್ಲದೆ ಕಡಿದವನು ಗಿಡಗಳನ್ನು ಬಿಸಿಲಿಗೆ ಕೊಟ್ಟು ತೋಟವನ್ನೇ ಕೆಡಿಸುತ್ತಾನೆ. ಕೆಲಸ ಒಂದೇ, ಕಾಲ ಮತ್ತು ಕೈ ಬೇರೆ.

ಬೆಂಕಿ ನಿಂತ ಮೇಲೆ

ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ವನ್ಯಜೀವಿಧಾಮವಾಯಿತು. ಸೋಲಿಗರ ಸ್ಥಳಾಂತರದ ಬೇಸಾಯ ನಿಂತಿತು, ಪೋಡುಗಳು, ಅಂದರೆ ಅವರ ಹಾಡಿಗಳು, ಕಾಡಿನ ಒಳಗಿನಿಂದ ಅಂಚಿಗೆ ಮತ್ತು ರಸ್ತೆ ಬದಿಗೆ ಬಂದವು, ಬೆಂಕಿ ನಿಷಿದ್ಧವಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಭಯಾರಣ್ಯದಲ್ಲಿ ಬೆಂಕಿ ಹಚ್ಚುವುದನ್ನು ತಡೆಯುತ್ತದೆ. ಮೀಸಲು ಅರಣ್ಯಕ್ಕೆ 1963ರ ಕರ್ನಾಟಕ ಅರಣ್ಯ ಕಾಯ್ದೆ ಇದೆ. ಎರಡರ ಬೇರೂ ಬ್ರಿಟಿಷರ ಕಾಲದ ಅರಣ್ಯ ನೀತಿಯಲ್ಲಿದೆ. ಕಾಡು ಎಂದರೆ ಮರ, ಮರಕ್ಕೆ ಬೆಂಕಿ ಶತ್ರು ಎಂದು ತಿಳಿದಿದ್ದ ಆ ನೀತಿಗೆ ಕಾಡು ಕಡಿದು ಸುಟ್ಟು ಬಿತ್ತುವ ಘಟ್ಟದ ಕುಮರಿ ಬೇಸಾಯವೂ ಕಣ್ಣುರಿಯೇ ಆಗಿತ್ತು.

ಬೆಂಕಿ ನಿಂತ ಕಾಡಿನಲ್ಲಿ ಲಂಟಾನ ಹಬ್ಬಿತು. ಅಮೆರಿಕದ ಉಷ್ಣವಲಯದ ಈ ಗಿಡವನ್ನು 19ನೇ ಶತಮಾನದ ಆರಂಭದಲ್ಲಿ ಹೂವಿನ ಅಂದಕ್ಕೆಂದು ಭಾರತಕ್ಕೆ ತಂದಿದ್ದರು. ಬಿಳಿಗಿರಿರಂಗನ ಬೆಟ್ಟದಲ್ಲಿ 1997 ಮತ್ತು 2008ರಲ್ಲಿ ಅವೇ ಜಾಗಗಳನ್ನು ಅಳೆದು ನೋಡಿದಾಗ, ಲಂಟಾನ ಇರುವ ಜಾಗಗಳು ಸುಮಾರು ದುಪ್ಪಟ್ಟಾಗಿದ್ದವು. ತರಗು ಬೆಂಕಿ ಲಂಟಾನದ ಎಳೆ ಸಸಿಗಳನ್ನು ಸುಡುತ್ತಿತ್ತು, ಅದು ನಿಂತದ್ದೇ ಕಾರಣ ಎಂಬುದು ಸೋಲಿಗರ ವಿವರಣೆ. ವಿಜ್ಞಾನಿಗಳು ಇದನ್ನು ಗಂಭೀರವಾಗಿಯೇ ಪರಿಗಣಿಸಿದ್ದಾರೆ, ಆದರೆ ಇದೊಂದೇ ಕಾರಣ ಎಂದು ಯಾರೂ ಮುದ್ರೆ ಒತ್ತಿಲ್ಲ. ಬೀಜ ಹರಡುವ ಹಕ್ಕಿಗಳು, ಕಾಡಿನ ಹಳೆಯ ಬಳಕೆ, ಮಳೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಲಂಟಾನ ಬಂದ ಮೇಲೆ ಬೆಂಕಿಯ ಗುಣವೂ ಬದಲಾಯಿತು. ಬರಿಯ ತರಗಿನ ಬೆಂಕಿ ನೆಲದ ಮೇಲೆಯೇ ಸರಿಯುತ್ತದೆ. ಒಣಗಿದ ಲಂಟಾನ ಪೊದೆ ಆಳೆತ್ತರ ಬೆಳೆದು ಮರದ ಕೊಂಬೆಯವರೆಗೂ ತಬ್ಬಿರುವಾಗ ಬೆಂಕಿ ಅದನ್ನು ಹಿಡಿದು ಮೇಲೇರುತ್ತದೆ. 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಸುಟ್ಟಾಗ ಈ ಒಣ ಲಂಟಾನದ ಮಾತು ಎಲ್ಲರ ಬಾಯಲ್ಲೂ ಬಂತು. ಹಾಗಾಗಿ ಹಳೆಯ ತರಗು ಬೆಂಕಿಯನ್ನು ಈಗ ನೇರವಾಗಿ ಮತ್ತೆ ಹಚ್ಚುತ್ತೇವೆಂದರೆ ಆಗದು. ಮೊದಲು ಲಂಟಾನ ಕೀಳಬೇಕು.

ಆಸ್ಟ್ರೇಲಿಯಾದಲ್ಲಿ ನಡೆಯುತ್ತಿರುವುದು

ಆಸ್ಟ್ರೇಲಿಯಾದ ಮೂಲನಿವಾಸಿಗಳು ಕನಿಷ್ಠ 50 ಸಾವಿರ ವರ್ಷಗಳಿಂದ ಆ ನೆಲದಲ್ಲಿದ್ದಾರೆ. ಬೆಂಕಿ ಅವರಿಗೆ ಬೇಟೆಗೂ ದಾರಿಗೂ ಮೇವಿಗೂ ಬೇಕಾದ ಸಾಧನ. ಉತ್ತರದ ಕಕಾಡು ಪ್ರದೇಶದ ಬಿನಿಂಜ್ ಜನ ವರ್ಷವನ್ನು ಆರು ಋತುಗಳಾಗಿ ಎಣಿಸುತ್ತಾರೆ. ನಮ್ಮ ರೈತರು ರೇವತಿ, ಭರಣಿ, ರೋಹಿಣಿ ಎಂದು ಮಳೆಯನ್ನು ಹೆಸರಿಡಿದು ಕಾಯುವಂತೆ ಅವರು ಗಾಳಿ ಮತ್ತು ಹೂವಿನ ಗುರುತು ಹಿಡಿಯುತ್ತಾರೆ. ಯೆಗ್ಗೆ ಎಂಬ ಋತುವಿನಲ್ಲಿ, ಅಂದರೆ ಮೇ ಮತ್ತು ಜೂನ್‌ನಲ್ಲಿ, ಒಣಗಾಳಿ ಬೀಸಿ ವೂಲಿಬಟ್ ಮರ ಹೂ ಬಿಟ್ಟರೆ ಬೆಂಕಿ ಇಡುವ ಕಾಲ ಬಂತು. ಅಲ್ಲಿ ಅದು ಚಳಿಯ ಆರಂಭ. ತುಣುಕು ತುಣುಕಾಗಿ ಹಚ್ಚಿದ ಬೆಂಕಿಯನ್ನು ರಾತ್ರಿಯ ಇಬ್ಬನಿಯೇ ಆರಿಸುತ್ತದೆ.

1788ರಲ್ಲಿ ಬ್ರಿಟಿಷರು ಬಂದು ನೆಲೆಸಿದ ಮೇಲೆ ಈ ಪದ್ಧತಿಗೆ ಎಲ್ಲೆಡೆ ಪೆಟ್ಟು ಬಿತ್ತು. ಉತ್ತರದ ಆರ್ನೆಮ್ ಲ್ಯಾಂಡ್ ಪ್ರಸ್ಥಭೂಮಿಯ ಜನ 20ನೇ ಶತಮಾನದಲ್ಲಿ ಮಿಷನ್‌ಗಳಿಗೆ, ಪಟ್ಟಣಗಳಿಗೆ ಹೋದರು. ಖಾಲಿಯಾದ ನೆಲದಲ್ಲಿ ಒಣ ಋತುವಿನ ಕೊನೆಗೆ ಹೊತ್ತುವ ಬೆಂಕಿ ತಡೆಯಿಲ್ಲದೆ ಓಡತೊಡಗಿತು. ಅದನ್ನು ತಿರುಗಿಸಲೆಂದು 2006ರಲ್ಲಿ ಪಶ್ಚಿಮ ಆರ್ನೆಮ್ ಲ್ಯಾಂಡಿನಲ್ಲಿ ಸುಮಾರು 28 ಸಾವಿರ ಚದರ ಕಿಲೋಮೀಟರ್ ವ್ಯಾಪ್ತಿಯ ಯೋಜನೆ ಆರಂಭವಾಯಿತು. ಮೂಲನಿವಾಸಿ ರೇಂಜರ್‌ಗಳು ಋತುವಿನ ಆರಂಭದಲ್ಲೇ ನೆಲವನ್ನು ತುಣುಕಾಗಿ ಸುಟ್ಟು, ಮುಂದೆ ಬರುವ ದೊಡ್ಡ ಬೆಂಕಿಗೆ ಅಡ್ಡಗಟ್ಟೆ ಹಾಕುತ್ತಾರೆ. ನಡೆದೂ ಹಚ್ಚುತ್ತಾರೆ, ದೂರದ ಜಾಗಗಳಿಗೆ ಹೆಲಿಕಾಪ್ಟರನ್ನೂ ಬಳಸುತ್ತಾರೆ. ಸಾಂಪ್ರದಾಯಿಕ ಎಂದ ಕೂಡಲೇ ಕೈಯಲ್ಲಿ ಕೊಳ್ಳಿ ಹಿಡಿದ ಚಿತ್ರವನ್ನೇ ಕಲ್ಪಿಸಿಕೊಳ್ಳಬೇಕಿಲ್ಲ.

ದುಡ್ಡಿನ ವಿಷಯಕ್ಕೆ ಬಂದರೆ, ಆರಂಭದಲ್ಲಿ ಅದನ್ನು ಕೊಟ್ಟದ್ದು ಡಾರ್ವಿನ್ ನಗರದ ಒಂದು ನೈಸರ್ಗಿಕ ಅನಿಲ ಘಟಕ, ತನ್ನ ಹೊಗೆಗೆ ಪರಿಹಾರವಾಗಿ, 17 ವರ್ಷಗಳ ಒಪ್ಪಂದದ ಮೇಲೆ. ಲೆಕ್ಕ ಹೀಗೆ: ಹುಲ್ಲು ಸುಟ್ಟಾಗ ಹೊರಡುವ ಇಂಗಾಲದ ಡೈಆಕ್ಸೈಡನ್ನು ಮರುವರ್ಷ ಬೆಳೆಯುವ ಹುಲ್ಲು ಹೀರಿಕೊಳ್ಳುತ್ತದೆ, ಆದ್ದರಿಂದ ಅದನ್ನು ಎಣಿಸುವುದಿಲ್ಲ. ಮೀಥೇನ್ ಮತ್ತು ನೈಟ್ರಸ್ ಆಕ್ಸೈಡ್ ಅನಿಲಗಳು ಹಾಗೆ ಮರಳುವುದಿಲ್ಲ. ಋತುವಿನ ಕೊನೆಯ ದೊಡ್ಡ ಬೆಂಕಿಗಳು ಕಡಿಮೆಯಾದಾಗ ಈ ಎರಡೂ ಕಡಿಮೆಯಾಗುತ್ತವೆ. ವರ್ಷಕ್ಕೆ ಒಂದು ಲಕ್ಷ ಟನ್ ಡೈಆಕ್ಸೈಡಿಗೆ ಸಮನಾದಷ್ಟು ಉಳಿಸುವುದು ಗುರಿಯಾಗಿತ್ತು, ಯೋಜನೆ ಅದನ್ನು ಮೀರಿತು.

2019-20ರ ಬೇಸಿಗೆಯಲ್ಲಿ ಆಸ್ಟ್ರೇಲಿಯಾದಲ್ಲಿ ಎರಡು ಕೋಟಿ ಹೆಕ್ಟೇರಿಗೂ ಹೆಚ್ಚು ನೆಲ ಸುಟ್ಟಿತು, ಅಂದರೆ ಇಡೀ ಕರ್ನಾಟಕಕ್ಕಿಂತ ಹೆಚ್ಚು. ಅದರ ವಿಚಾರಣೆಗೆ ನೇಮಕವಾದ ಆಯೋಗ 2020ರ ಅಕ್ಟೋಬರ್‌ನಲ್ಲಿ ನೀಡಿದ ವರದಿಯಲ್ಲಿ, ಮೂಲನಿವಾಸಿಗಳ ಭೂ ನಿರ್ವಹಣೆಯ ಜ್ಞಾನದ ಬಗ್ಗೆ ಸರ್ಕಾರಗಳು ಅವರೊಂದಿಗೆ ಕೂಡಿ ಕೆಲಸ ಮಾಡಬೇಕೆಂದು ಶಿಫಾರಸು ಮಾಡಿತು. ಜಗತ್ತಿನ ಕಣ್ಣು ಈ ಕಡೆ ಹೊರಳಿದ್ದು ಆಗಲೇ. ಹಾಗೆಂದು ಇದು ಸರ್ವರೋಗಕ್ಕೆ ಮದ್ದಲ್ಲ. ಕಡು ಬರ, ಬಿರುಗಾಳಿ, ನಲವತ್ತು ಡಿಗ್ರಿ ಮೀರಿದ ಬಿಸಿಲು ಮೂರೂ ಕೂಡಿದ ದಿನ ಮೊದಲೇ ಸುಟ್ಟ ತುಣುಕುಗಳು ಬೆಂಕಿಯನ್ನು ಪೂರ್ತಿ ತಡೆಯಲಾರವು. ಉತ್ತರದ ಹುಲ್ಲುಕಾಡಿನಲ್ಲಿ ಫಲ ಕೊಟ್ಟ ಕ್ರಮವನ್ನು ಆಗ್ನೇಯ ಭಾಗದ ದಟ್ಟ ಕಾಡಿಗೆ ಹಾಗೆಯೇ ಒಯ್ಯಲು ಅಲ್ಲಿನವರೇ ಒಪ್ಪುವುದಿಲ್ಲ.

ಹಾಗಾದರೆ ಗಿರಿಯಲ್ಲೂ ಹಚ್ಚಬಹುದೇ?

ಸ್ವಂತ ನಿರ್ಧಾರದ ಮೇಲೆ ಯಾರೂ ಹಚ್ಚುವಂತಿಲ್ಲ. ಕಾನೂನಿನಲ್ಲಿ ಅದು ಅಪರಾಧ. ಕಾನೂನನ್ನು ಪಕ್ಕಕ್ಕಿಟ್ಟರೂ, ಇಲ್ಲಿ ಈಗ ಬೀಳುತ್ತಿರುವ ಬೆಂಕಿಗೆ ಸಾಂಸ್ಕೃತಿಕ ಬೆಂಕಿಯ ಲಕ್ಷಣಗಳಿಲ್ಲ. ದನಕ್ಕೆ ಎಳೆ ಹುಲ್ಲು ಬರಲಿ ಎಂದು ಹಚ್ಚುವವರಿದ್ದಾರೆ, ಬೇಟೆಗೆ ಹಚ್ಚುವವರಿದ್ದಾರೆ, ಅಡುಗೆ ಮಾಡಿ ಕೆಂಡ ಬಿಟ್ಟುಹೋಗುವ ಪ್ರವಾಸಿಗರಿದ್ದಾರೆ, ಯಾರ ಮೇಲಿನ ಸಿಟ್ಟನ್ನೋ ಗುಡ್ಡದ ಮೇಲೆ ತೀರಿಸುವವರೂ ಇದ್ದಾರೆ. ಇವರೆಲ್ಲರೂ ಹಚ್ಚುವುದು ಹುಲ್ಲು ಪೂರ್ತಿ ಒಣಗಿದ ಮೇಲೆ, ಕಾಫಿಗೆ ಹೂಮಳೆ ಇನ್ನೂ ಬಾರದಿರುವಾಗ. ಮಿಂಚಿನಿಂದ ಹೊತ್ತಿಕೊಂಡಿತು ಎನ್ನುವುದಕ್ಕೆ ಆ ದಿನಗಳಲ್ಲಿ ಮೋಡವೇ ಇರುವುದಿಲ್ಲ.

ಅರಣ್ಯ ಇಲಾಖೆ ತಾನೇ ಬೆಂಕಿ ಬಳಸುತ್ತದೆ ಎಂಬುದು ಅನೇಕರಿಗೆ ಗೊತ್ತಿಲ್ಲ. ಬೇಸಿಗೆಗೆ ಮೊದಲು ರಸ್ತೆ ಬದಿಯಲ್ಲಿ, ಕಾಡಿನ ಗಡಿಯಲ್ಲಿ ಹುಲ್ಲು ಸವರಿ, ಅದನ್ನು ಕಾವಲಿಟ್ಟು ಸುಟ್ಟು ಬೆಂಕಿ ರೇಖೆ ಮಾಡಲಾಗುತ್ತದೆ. ದೊಡ್ಡ ಬೆಂಕಿ ಬರುವ ದಿಕ್ಕಿಗೆ ಎದುರಾಗಿ ಸಣ್ಣ ಬೆಂಕಿ ಹಚ್ಚಿ ಅದರ ಉರುವಲನ್ನು ಮುಗಿಸುವುದೂ ಉಂಟು. ತೋಟದವರು ಬೇಲಿಯುದ್ದಕ್ಕೂ ತರಗು ಗುಡಿಸುವುದರ ಹಿಂದೆ ಇರುವುದೂ ಇದೇ ಲೆಕ್ಕಾಚಾರ. ಇವು ಬೆಂಕಿಯನ್ನು ತಡೆಯಲು ಎಳೆದ ಗೆರೆಗಳು. ನೆಲ್ಲಿ ಮರ, ಕಡವೆ, ಅಬ್ಬಿ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಸೋಲಿಗರ ಕ್ರಮ ಇದಕ್ಕಿಂತ ಅಗಲವಾದದ್ದು.

ಆ ಅಗಲದ ಕ್ರಮಕ್ಕೆ ಒಂದು ಬಾಗಿಲು ತೆರೆದಿದೆ. 2006ರ ಅರಣ್ಯ ಹಕ್ಕು ಕಾಯ್ದೆ ತಲೆತಲಾಂತರದಿಂದ ಕಾಡನ್ನು ಕಾಯ್ದು ಬಂದ ಸಮುದಾಯಗಳಿಗೆ ತಮ್ಮ ಸಮುದಾಯ ಅರಣ್ಯವನ್ನು ರಕ್ಷಿಸುವ, ನಿರ್ವಹಿಸುವ ಹಕ್ಕನ್ನು ಕೊಡುತ್ತದೆ. 2011ರಲ್ಲಿ ಬಿಳಿಗಿರಿರಂಗನ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು, ಅದೇ ವರ್ಷ ಅಲ್ಲಿನ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ದೊರೆಯಿತು. ಆದರೆ ಆ ಹಕ್ಕುಪತ್ರ ಬೆಂಕಿ ಇಡಲು ಪರವಾನಗಿಯಲ್ಲ, ವನ್ಯಜೀವಿ ಕಾಯ್ದೆಯ ನಿಷೇಧ ಹಾಗೆಯೇ ಇದೆ.

ನಮ್ಮ ಕಡೆ ಲೆಕ್ಕ ಇನ್ನಷ್ಟು ಜಟಿಲ. ಕುದುರೆಮುಖ ಭಾಗದಲ್ಲಿ ಮಲೆಕುಡಿಯ, ಗೌಡಲು ಬುಡಕಟ್ಟುಗಳ ಜನ ಇದ್ದಾರೆ. ಭದ್ರಾ ಕಾಡಿನೊಳಗಿದ್ದ ಹಳ್ಳಿಗಳು 2002ರ ಆಸುಪಾಸಿನಲ್ಲಿ ಎಂ.ಸಿ. ಹಳ್ಳಿ ಮತ್ತು ಕೆಳಗೂರಿಗೆ ಸ್ಥಳಾಂತರಗೊಂಡಿವೆ. ಕಡೂರು, ಅಜ್ಜಂಪುರ, ಅರಸೀಕೆರೆಯ ಅಮೃತ ಮಹಲ್ ದನಗಳಿಗೆಂದು ಮೀಸಲಿಟ್ಟ ಕಾವಲುಗಳ ಹುಲ್ಲು ಗಿರಿಯ ಹುಲ್ಲಿನಂತಲ್ಲ, ಅಲ್ಲಿ ಬೀಳುವ ಮಳೆಯೂ ಗಿರಿಯ ಮಳೆಯ ಒಂದು ಪಾಲು ಮಾತ್ರ. ಸೋಲಿಗರ ಜ್ಞಾನ ಎಲೆ ಉದುರಿಸುವ ಕಾಡಿನದು. ಅದನ್ನು ಶೋಲೆಯ ಅಂಚಿಗೆ ತಂದು ಪ್ರಯೋಗಿಸಿದರೆ ಅದು ಸೋಲಿಗರ ಪದ್ಧತಿಯೂ ಆಗುವುದಿಲ್ಲ, ಗಿರಿಗೆ ಒಳ್ಳೆಯದೂ ಆಗುವುದಿಲ್ಲ.

ನಕ್ಷೆಯ ಕೆಂಪು ಚುಕ್ಕೆ

ಬೇಸಿಗೆಯಲ್ಲಿ ಹಂಚಿಕೆಯಾಗುವ ಉಪಗ್ರಹ ನಕ್ಷೆಗಳ ಬಗ್ಗೆ ಒಂದು ಎಚ್ಚರ. ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ 2004ರಿಂದ ಉಪಗ್ರಹಗಳ ಮೂಲಕ ಕಾಡ್ಗಿಚ್ಚಿನ ಸೂಚನೆ ಪಡೆಯುತ್ತಿದೆ. ಈಗ ಬಳಸುವ ಮುಖ್ಯ ಉಪಕರಣದ ಒಂದು ಬಿಂದು ನೆಲದ ಮೇಲೆ ಸುಮಾರು 375 ಮೀಟರ್ ಅಗಲ. ಆ ಚೌಕದೊಳಗೆ ಎಲ್ಲೋ ಅಸಹಜ ಕಾವು ಕಂಡಿದೆ ಎಂದಷ್ಟೇ ಅದರ ಅರ್ಥ. ಸುಟ್ಟ ವಿಸ್ತೀರ್ಣವನ್ನಾಗಲಿ, ಸುಟ್ಟದ್ದು ಹುಲ್ಲೋ ಮರವೋ ಎಂಬುದನ್ನಾಗಲಿ, ಹಚ್ಚಿದ್ದು ಇಲಾಖೆಯೋ ಕಿಡಿಗೇಡಿಯೋ ಎಂಬುದನ್ನಾಗಲಿ ಚುಕ್ಕೆ ಹೇಳುವುದಿಲ್ಲ. ಉಪಗ್ರಹ ಹಾದುಹೋಗುವ ಎರಡು ಹೊತ್ತಿನ ನಡುವೆ ಹೊತ್ತಿ ಆರಿದ ಸಣ್ಣ ಬೆಂಕಿ ಅದಕ್ಕೆ ಕಾಣುವುದೇ ಇಲ್ಲ.

ಗಿರಿಯಲ್ಲಿ ಬೆಂಕಿ ಕಂಡವರು ವಿಡಿಯೊ ಹಂಚುವ ಮೊದಲು ಅರಣ್ಯ ಇಲಾಖೆಯ ಸಹಾಯವಾಣಿ 1926 ಅಥವಾ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಬೇಕು. ಯಾವ ತಿರುವು, ಯಾವ ಇಳಿಜಾರು, ಬೆಂಕಿ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನು ಹೇಳಿದರೆ ಹಸಿ ಸೊಪ್ಪು ಹಿಡಿದು ಬಡಿಯಲು ಹೋಗುವವರಿಗೆ ಯಾವ ಕಡೆಯಿಂದ ಹತ್ತಬೇಕೆಂಬುದು ತಿಳಿಯುತ್ತದೆ. ಏರುತ್ತಿರುವ ಬೆಂಕಿಯ ಮೇಲ್ಭಾಗದಲ್ಲಿ ಮಾತ್ರ ಯಾರೂ ನಿಲ್ಲಬಾರದು.